ಕುಣಿಕೆ ಇಲ್ಲದ ಸೆರಗು

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಹೈಸ್ಕೂಲಿನಿಂದ ಪದವಿ ಮುಗಿಯುವವರೆಗೆ ನಾನು ಅಂಥ ಎಷ್ಟೋ ಚೀಟಿಗಳನ್ನು ಎತ್ತಿದ್ದೇನೆ. ಯಾವ ಕಡೆ ಬಂದರೂ ಗೆಲ್ಲುತ್ತಿದ್ದೆ. ಹುನಗುಂದದ ನಮ್ಮ ಮನೆಯ ಗೋಡೆಯ ಮಾಡದಲ್ಲಿ ಜಾಗ ಸಾಲದೆ ಅವ್ವ ನನ್ನ ಬಹುಮಾನದ ಢಾಲುಗಳಲ್ಲಿ ಕೆಲವನ್ನು ಜೋಳದ ಚೀಲದ ಮೇಲೆ ಸಾಲಾಗಿ ಇಟ್ಟಿದ್ದಳು. ಚೀಲ ಬಿಚ್ಚಬೇಕಾದಾಗಲೆಲ್ಲ ಬೈಯುತ್ತಿದ್ದಳು: "ಇವನ ಮಾತು ಹೊಟ್ಟಿಗೆ ಹಾಕಂಗಿಲ್ಲ, ಹೊಟ್ಟಿಗೆ ಹಾಕೂದನ್ನ ತಗ್ಯಾಕೂ ಬಿಡಂಗಿಲ್ಲ."

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ಹುನಗುಂದದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದೆ. ಅದು ಹೊಟ್ಟೆಪಾಡು. ಉಳಿದಂತೆ ನನಗೆ ಮೂರು ಹವ್ಯಾಸಗಳಿದ್ದವು, ಮೂರೂ ಒಂದನ್ನೊಂದು ತಿನ್ನುತ್ತಿದ್ದವು. ಭಾನುವಾರ ಬಾಗಲಕೋಟೆಗೆ ಹೋಗಿ ಕಾಲೇಜಿನವರಿಗೆ ವಾದದ ಪಟ್ಟು ಹೇಳಿಕೊಡುತ್ತಿದ್ದೆ. ರಜೆ ಸಿಕ್ಕರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಾದಾಮಿ, ಪಟ್ಟದಕಲ್ಲು ಎಂದು ತಿರುಗುತ್ತಿದ್ದೆ. ಮೂರನೆಯದು ವೆಬ್‌ಸೈಟ್. ಒಂದರ ಹುಚ್ಚು ಏರಿದಾಗ ಉಳಿದೆರಡರ ಕಡೆ ತಿಂಗಳುಗಟ್ಟಲೆ ತಿರುಗಿ ನೋಡುತ್ತಿರಲಿಲ್ಲ. ಇದನ್ನು ಆಗ ಉತ್ಸಾಹ ಎಂದುಕೊಂಡಿದ್ದೆ.

ವೆಬ್‌ಸೈಟ್ ಎಂದರೆ ದೊಡ್ಡದೇನಲ್ಲ. ಪುಕ್ಕಟೆ ಜಾಗ ಕೊಡುವ ಒಂದು ಕಂಪನಿಯಲ್ಲಿ ನಾಲ್ಕೈದು ಪುಟ. ಅರ್ಧ ಪರದೆ ಅವರ ಜಾಹೀರಾತು, ಉಳಿದರ್ಧ ನಾನು. ಕನ್ನಡದಲ್ಲಿ ಬರೆದದ್ದು ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಚೌಕಗಳು, ಪ್ರಶ್ನೆಚಿಹ್ನೆಗಳು ಕಾಣುತ್ತಿದ್ದವು. ಕಡೆಗೆ ನಾನೊಂದು ಉಪಾಯ ಹೂಡಿದೆ. ಇಡೀ ಲೇಖನವನ್ನು ಟೈಪು ಮಾಡಿ, ಅದನ್ನೇ ಒಂದು ಚಿತ್ರವನ್ನಾಗಿಸಿ ಹಾಕುವುದು. ಓದಲು ಬರುತ್ತಿತ್ತು. ಒಂದೇ ತೊಂದರೆ, ಹಾಕಿದ ಮೇಲೆ ಒಂದು ಅಕ್ಷರವನ್ನೂ ತಿದ್ದುವಂತಿರಲಿಲ್ಲ. ತಿದ್ದುವ ಪ್ರಸಂಗ ಬರಬಹುದು ಎಂದು ನನಗೆ ಅನ್ನಿಸಿಯೂ ಇರಲಿಲ್ಲ.

ಮೇಲ್ಗಡೆ ದಪ್ಪ ಅಕ್ಷರದಲ್ಲಿ 'ಆಧಾರ ಕೇಳಿ' ಎಂದು ಹಾಕಿದ್ದೆ. ಅದರ ಕೆಳಗೆ ತಾಯಿತ ಕಟ್ಟುವವರ ಬಗ್ಗೆ, ಗುಹೆಗಳ ಮುಂದೆ ಕಟ್ಟುಕತೆ ಹೇಳುವ ಗೈಡುಗಳ ಬಗ್ಗೆ ಕುಟುಕು ಬರಹಗಳು. ಎಷ್ಟು ಜನ ನೋಡಿದರೆಂದು ತೋರಿಸುವ ಅಂಕಿಯೊಂದು ಮೂಲೆಯಲ್ಲಿತ್ತು. ಅದರಲ್ಲಿ ಬಹುಪಾಲು ನಾನೇ ಎಂದು ನನಗೆ ಗೊತ್ತಿತ್ತು.

ಆಗ ಬರೆದದ್ದು ಆ ಇಳಕಲ್ ಸೀರೆಯ ಲೇಖನ. ಪವರ್‌ಲೂಮಿನ ಮಾಲನ್ನು ಕೈಮಗ್ಗದ್ದೆಂದು ಮಾರುತ್ತಾರೆ ಎಂಬ ಮಾತು ಎಲ್ಲೆಡೆ ಇತ್ತು. ನಾನು ಇಳಕಲ್ಲಿಗೆ ಹೋಗಿ, ಒಬ್ಬ ನೇಕಾರರ ಮನೆಯಲ್ಲಿ ಅರ್ಧ ಗಂಟೆ ಕೂತು, ಕೇಳಿ ತಿಳಿದುಕೊಂಡೆ. ಅಸಲಿ ಇಳಕಲ್ ಸೀರೆಯಲ್ಲಿ ಒಡಲಿನ ಉದ್ದೆಳೆ ಬೇರೆ, ಸೆರಗಿನ ಉದ್ದೆಳೆ ಬೇರೆ. ಮಗ್ಗದ ಮೇಲೆ ಅವೆರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ಹಾಗಾಗಿಯೇ ಸೆರಗು ಅಷ್ಟು ಅಚ್ಚಗೆಂಪು. ಯಂತ್ರಕ್ಕೆ ಆ ಕುಣಿಕೆ ಬರುವುದಿಲ್ಲ. ಇಷ್ಟು ಸಾಕಾಯಿತು. ಪೇಟೆಯ ಒಂದು ಅಂಗಡಿಯಲ್ಲಿ ಕೈಮಗ್ಗದ ಸೀರೆ ತೋರಿಸಿ ಎಂದೆ. ತೋರಿಸಿದ ರಾಶಿಯಲ್ಲಿ ಒಂದರ ಸೆರಗು ಮಬ್ಬುಗೆಂಪಾಗಿತ್ತು, ಜೋಡಣೆಯ ಜಾಗದಲ್ಲಿ ಕುಣಿಕೆ ಇರಲಿಲ್ಲ. ಫೋಟೋ ತೆಗೆದುಕೊಂಡೆ. 'ಸೆರಗು ತಿರುವಿ ನೋಡಿ' ಎಂದು ಲೇಖನ ಬರೆದು, ಆ ಫೋಟೋದ ಕೆಳಗೆ 'ಯಂತ್ರದ ಮಾಲು, ಕೈಮಗ್ಗದ ಸೋಗು' ಎಂದು ಹಾಕಿದೆ.

ಎಲ್ಲ ಸೀರೆಗಳ ನಡುವೆ ಅದನ್ನೇ ಆರಿಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಸೆರಗಿನ ಅಂಚಿಗೆ ಒಂದೇ ಒಂದು ಅರಿಶಿನದ ಬಣ್ಣದ ಎಳೆ ಇತ್ತು. ಫೋಟೋದಲ್ಲಿ ಅದು ಚೆಂದ ಕಂಡಿತು.

ಆಮೇಲೆ ಕ್ಯಾಮೆರಾದ ಹುಚ್ಚು ಏರಿತು. ವೆಬ್‌ಸೈಟನ್ನು ವರ್ಷಗಟ್ಟಲೆ ಮರೆತೆ.

ಮದುವೆಯ ಮಾತು ಬಂದದ್ದು ಅದಾದ ಎರಡನೆಯ ವರ್ಷ. ಹುಡುಗಿ ಇಳಕಲ್ಲಿನವಳು, ನೇಕಾರರ ಮನೆ, ತಾಯಿ ಇಲ್ಲ. ಬಾಗಲಕೋಟೆಯಲ್ಲಿ ಎರಡು ವರ್ಷ ಇದ್ದು ಶಿಕ್ಷಕಿಯ ತರಬೇತಿ ಮುಗಿಸಿ ಬಂದಿದ್ದಳು. ನೋಡಲು ಹೋದಾಗ ಹಿರಿಯರು ನಮ್ಮಿಬ್ಬರನ್ನು ಐದು ನಿಮಿಷ ಮಾತಿಗೆ ಬಿಟ್ಟರು. ನಾನು ಕೇಳಿದ ಮೊದಲ ಪ್ರಶ್ನೆ: "ನೀವು ಜಾತಕ ನಂಬ್ತೀರೇನು?"

"ನಂಬೂದಿಲ್ರಿ," ಅಂದಳು. "ಆದ್ರ ನಂಬೋರ್ನ ನೋಡಿ ನಗೂದೂ ಇಲ್ಲ."

ಇಂಥವಳು ಮನೆಯಲ್ಲಿದ್ದರೆ ಚೆನ್ನ ಎನ್ನಿಸಿತು. ಹೂಂ ಅಂದುಬಿಟ್ಟೆ.

ನಿಶ್ಚಯ ಅವರ ಮನೆಯಲ್ಲೇ ಆಯಿತು. ಮುಂದಿನ ಪಡಸಾಲೆಯಲ್ಲಿ ಕುಣಿಮಗ್ಗ, ಅಂದರೆ ನೆಲದಲ್ಲಿ ತೋಡಿದ ತಗ್ಗಿನಲ್ಲಿ ಕಾಲಿಳಿಬಿಟ್ಟು ನೇಯುವ ಮಗ್ಗ. ಆ ದಿನ ಅದರ ಮೇಲೊಂದು ಚಾದರ ಹೊದಿಸಿ, ಬದಿಗೆ ಜಮಖಾನೆ ಹಾಸಿದ್ದರು. ಗಂಡಿನ ಕಡೆಯಿಂದ ಕೊಡುವ ಸೀರೆಯನ್ನು ಅವ್ವ ಇಳಕಲ್ ಪೇಟೆಯಲ್ಲೇ ಕೊಂಡಿದ್ದಳು. ಅದನ್ನು ತಾಟಿನಲ್ಲಿ ಎಲೆ ಅಡಿಕೆ, ಕಾಯಿ, ಸಕ್ಕರೆಯ ಜೊತೆ ಇಟ್ಟು ಹಿರಿಯರ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಎಲ್ಲರೂ ಮುಟ್ಟಿ ಹರಸಬೇಕು. ತಾಟು ಹುಡುಗಿಯ ಅಪ್ಪನ ಹತ್ತಿರ ಬಂದಾಗ ಅವರ ಮುಖ ಒಮ್ಮೆಲೆ ಅರಳಿತು. ಸೀರೆಯ ಮಡಿಕೆಯನ್ನು ಹೆಬ್ಬೆರಳಿನಿಂದ ಸವರಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಸೋದರಮಾವ ಸೀರೆ ಎತ್ತಿ ಹಿಡಿದು, "ಏನ್ ಮಾಲೈತಿ ನೋಡ್ರಿ! ಕೈಮಗ್ಗ ಅಂದ್ರ ಕೈಮಗ್ಗ!" ಅಂದರು.

ಸೆರಗು ನನ್ನ ಎದುರಿಗೇ ಜೋತುಬಿದ್ದಿತ್ತು. ಮಬ್ಬುಗೆಂಪು.

"ಮಾಮಾ, ಅದು ಕೈಮಗ್ಗ ಅಲ್ಲ," ಅಂದೆ.

"ಏ, ನಿನಗೇನ್ ತಿಳೀತದೋ?"

ಇದು ಸವಾಲು. ಸವಾಲು ಕೇಳಿದರೆ ನಾನು ಎದ್ದು ನಿಲ್ಲುವವ, ಎದ್ದು ನಿಂತೆ. ಒಡಲಿನ ಎಳೆ, ಸೆರಗಿನ ಎಳೆ, ಕುಣಿಕೆ, ಎಲ್ಲವನ್ನೂ ಬೆರಳು ಮಾಡಿ ತೋರಿಸಿದೆ. ಇಲ್ಲಿ ಕುಣಿಕೆ ಎಲ್ಲಿದೆ ಹೇಳಿ ಎಂದು ಸೋದರಮಾವನನ್ನೇ ಕೇಳಿದೆ. ಅವರಿಗೆ ಸಿಗಲಿಲ್ಲ. "ಅವ್ವಗ ಅಂಗಡ್ಯಾಂವ ಟೊಪಗಿ ಹಾಕ್ಯಾನ," ಅಂದೆ. ಸಭೆ ನಕ್ಕಿತು. ಸಭೆ ನಗುವುದೆಂದರೆ ಗೆದ್ದಂತೆ ಎಂದು ಬಾಗಲಕೋಟೆಯಲ್ಲಿ ನಾನೇ ಕಲಿಸುತ್ತಿದ್ದೆ. ಅವ್ವ ನಗಲಿಲ್ಲ. "ಅಂವ ಏನೂ ಸುಳ್ಳು ಹೇಳಿಲ್ಲ. ಪವರ್‌ಲೂಮಿನ ಸಾಲಿನಾಗ ಇತ್ತು. ಭಾಳ ಮೆತ್ತಗ ಅನಿಸ್ತು, ತಗೊಂಡೆ," ಅಂದಳು, ಎಲ್ಲರೆದುರು ಸಣ್ಣಗಾಗಿ.

ನಾನು ಹುಡುಗಿಯ ಅಪ್ಪನ ಕಡೆ ತಿರುಗಿದೆ. ನೇಕಾರರು, ಅವರ ಸಾಕ್ಷಿ ಸಿಕ್ಕರೆ ವಾದ ಪೂರ್ತಿಯಾಗುತ್ತದಲ್ಲ. "ಮಾವಾರ, ನೀವ ಹೇಳ್ರಿ. ಖರೆ ಹೌದಲ್ಲೋ?"

ಅವರು ತಾಟನ್ನು ಮುಂದಿನವರ ಕೈಗೆ ದಾಟಿಸಿದರು. "ಕಲ್ತೋರು ಹೇಳ್ತೀರಿ. ಇರಬೇಕ್ರಿ," ಅಂದರು.

ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು: "ಇದನ್ನೆಲ್ಲ ನೀವು ಎಲ್ಲೆರ ಬರದೀರೇನ್ರಿ?" ಮದುಮಗಳು ಸಭೆಯಲ್ಲಿ ಮಾತಾಡಿದ್ದಕ್ಕೆ ಹೆಂಗಸರು ಹುಬ್ಬೇರಿಸಿದರು. ನಾನು ಹಿಗ್ಗಿನಿಂದ ವೆಬ್‌ಸೈಟಿನ ಹೆಸರು ಹೇಳಿದೆ. ಅವಳು ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿದೆ. ಅವಳು ಸೀರೆ ತೆಗೆದುಕೊಂಡು ಒಳಗೆ ಹೋಗಿ ಅದನ್ನೇ ಉಟ್ಟು ಬಂದು ಕೂತಳು. ಉಡಿ ತುಂಬಿದರು. ಅವರಪ್ಪ ಅಷ್ಟೂ ಹೊತ್ತು ಚಾದರ ಹೊದಿಸಿದ ಮಗ್ಗದ ಕಡೆ ನೋಡುತ್ತ ಕೂತಿದ್ದರು.

ತಿಂಗಳೊಪ್ಪತ್ತಿನಲ್ಲಿ ಅವಳಿಗೆ ಬಾದಾಮಿಯ ಒಂದು ಖಾಸಗಿ ಶಾಲೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಹೋಗಿಬರುತ್ತಿದ್ದಳು. ನಾನು ಗುಹೆಗಳ ಫೋಟೋ ತೆಗೆಯುವ ನೆಪ ಮಾಡಿಕೊಂಡು ಒಂದು ಶನಿವಾರ ಮಧ್ಯಾಹ್ನ ಹೋದೆ. ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿಗೆ ಬರುವುದಾಗಿ ಹೇಳಿಕಳಿಸಿದ್ದಳು. ಬಂದಳು. ಚಹಾ ಬೇಡ ಅಂದಳು. ಪರ್ಸಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ಕಲ್ಲುಬೆಂಚಿನ ಮೇಲೆ ಬಿಚ್ಚಿದಳು. ನನ್ನ ಲೇಖನ. ಹಾಳೆಯ ಕೆಳಗಡೆ ಸಣ್ಣ ಅಕ್ಷರದಲ್ಲಿ ವೆಬ್‌ಸೈಟಿನ ವಿಳಾಸ.

"ಇದು ನಿಮ್ದ ಅಲ್ರಿ?"

ನಾಚಿಕೆಯಿಲ್ಲದೆ ಬರೆಯುತ್ತೇನೆ, ಮೊದಲು ನನಗಾದದ್ದು ಖುಷಿ. "ಎಲ್ಲಿ ಸಿಕ್ತು ನಿಮಗ?"

"ಇಳಕಲ್ಲಾಗ, ನಾವು ಮಾಲು ಕೊಡೂ ಅಂಗಡ್ಯಾಗ. ಮೇಜಿನ ಗಾಜಿನ ಕೆಳಗ ಇಟ್ಟಾರ, ನಾವು ಮೋಸ ಮಾಡಂಗಿಲ್ಲ ಅಂತ ಬಂದ ಗಿರಾಕಿಗೆಲ್ಲ ತೋರಸ್ತಾರ. ನಾ ಝೆರಾಕ್ಸ್ ಮಾಡಿಸ್ಕೊಂಡೆ."

"ಓದಿದ್ರೇನು?"

"ಓದಿದೆ. ಭಾಳ ಛಂದ ಬರದೀರಿ. ಅಪ್ಪಗೂ ಓದಿ ಹೇಳಿದೆ." ಆಮೇಲೆ ಫೋಟೋದ ಮೇಲೆ ಬೆರಳಿಟ್ಟಳು. "ಇಲ್ಲೊಂದು ಎಳಿ ಕಾಣ್ತದಲ್ಲ?" ಝೆರಾಕ್ಸಿನಲ್ಲಿ ಅರಿಶಿನದ ಎಳೆ ಕಪ್ಪಾಗಿತ್ತು. "ಅದು ನಮ್ಮ ಮನಿ ಗುರ್ತು. ನಮ್ಮಜ್ಜ ಇಟ್ಟದ್ದು. ಯಾರ ಮಗ್ಗದ್ದು ಅಂತ ಅಂಗಡ್ಯಾಗ ತಿಳೀಲಿ ಅಂತ ಒಂದ ಎಳಿ ಬ್ಯಾರೆ ಬಣ್ಣದ್ದು ಹಾಕ್ತಾರ. ಇದು ನಮ್ಮಪ್ಪ ನೇದ ಸೀರಿ. ಮೊನ್ನೆ ತಾಟಿನಾಗ ಬಂತಲ್ಲ, ಅದೂ ಅವಂದ. ಅದ್ರ ಸೆರಗಿಗೂ ಈ ಎಳಿ ಇತ್ತು, ನೀವು ನೋಡಲಿಲ್ಲ."

ನನ್ನ ತಲೆ ಆಗಲೂ ಸುಮ್ಮನಿರಲಿಲ್ಲ. "ಆದ್ರ ಕುಣಿಕಿ ಇಲ್ಲಲ್ಲ?"

ಅವಳು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಪಾಠ ಹೇಳುವ ಧಾಟಿ ಇತ್ತು. "ಕುಣಿಕಿ ಹಾಕ್ಲಿಕ್ಕೆ ಎರಡ ಮಂದಿ ಬೇಕ್ರಿ. ಒಬ್ರು ಈ ಕಡಿ ಎಳಿ ಕೊಡಬೇಕು, ಒಬ್ರು ಆ ಕಡಿ ಹಿಡೀಬೇಕು. ಅವ್ವ ಇರೋತನ ಅವ್ವ ಹಿಡೀತಿದ್ಲು. ಅಕಿ ಹೋದಮ್ಯಾಲೆ ನಾನು. ನಾ ಬಾಗಲಕೋಟಿಗೆ ಓದಾಕ ಹೋದೆ. ಎರಡ ವರ್ಷ ಮನ್ಯಾಗ ಅಪ್ಪ ಒಬ್ಬನ. ಹೋಗಬ್ಯಾಡ ಅನ್ನಲಿಲ್ಲ. ಕುಣಿಕಿ ಇಲ್ಲದ ಒಂದ ಉದ್ದೆಳಿ ಹಾಕಿ ನೇದ. ಅಂಗಡ್ಯಾಗೂ ಹೇಳೇ ಕೊಟ್ಟಾನ, 'ಜೋಡಣಿ ಇಲ್ರಿ, ಕೈ ಮಾತ್ರ ನಂದ' ಅಂತ. ಅವರೂ ಒಪ್ಪಿ ತಗೊಂಡಿದ್ರು."

"ಮತ್ತ ಈಗ?"

"ಈಗ ನಾ ಬಂದೇನಿ, ಕುಣಿಕಿನೂ ಹಾಕೇವಿ. ಆದ್ರ ಆ ಎಳಿ ನೋಡಿದ ಕೂಡ್ಲೆ, 'ಇದು ಇಂಟರ್ನೆಟ್ಟಿನಾಗ ಬಂದ ಮಾಲು' ಅಂತ ಪವರ್‌ಲೂಮಿನ ಸಾಲಿಗೆ ಒಗೀತಾರ. ಬ್ಯಾರೆ ಬಣ್ಣದ್ದು ಹಾಕು ಅಂದ್ರ ಅಪ್ಪ ಕೇಳಂಗಿಲ್ಲ." ಅವಳು ಹಾಳೆ ಮಡಚಿದಳು. "ತಾಟು ಕೈಗೆ ಬಂದಾಗ ಅವಗ ಎಷ್ಟ ಖುಷಿ ಆತು ಗೊತ್ತೇನ್ರಿ? ತನ್ನ ಕೈಯಿಂದು ತಿರುಗಿ ತನ್ನ ಮಗಳಿಗೇ ಬಂತು ಅಂತ. ಹೇಳಾಕ ಬಾಯಿ ತಗದಿದ್ದ. ಅಷ್ಟರಾಗ ನೀವು ಎದ್ದು ನಿಂತ್ರಿ."

ಬಾಗಲಕೋಟೆಯ ಬಸ್ಸು ಬಂತು, ಹೋಯಿತು.

"ಅದನ್ನ ತಗಸ್ರಿ," ಅಂದಳು. "ಕಂಪ್ಯೂಟರಿನಾಗಿಂದೂ, ಗಾಜಿನ ಕೆಳಗಿಂದೂ. ಆಮ್ಯಾಲೆ ಲಗ್ನದ ಮಾತು."

ತೆಗೆಯುವುದೇನು ಮಹಾ ಎಂದುಕೊಂಡು ಮರುದಿನವೇ ಬಾಗಲಕೋಟೆಯ ನವನಗರದ ಸೈಬರ್ ಕೆಫೆಯಲ್ಲಿ ಕೂತೆ. ಪಾಸ್‌ವರ್ಡ್ ನೆನಪಿರಲಿಲ್ಲ. ಮರೆತವರಿಗಾಗಿ ಒಂದು ಗುಂಡಿ ಇತ್ತು, ಒತ್ತಿದೆ. ಹೊಸ ಪಾಸ್‌ವರ್ಡನ್ನು ನನ್ನ ಇ-ಮೇಲಿಗೆ ಕಳಿಸಿದ್ದೇವೆ ಎಂದು ಬಂತು. ಆ ಇ-ಮೇಲ್ ತೆರೆಯಲು ಹೋದರೆ, ಬಹಳ ದಿನ ಬಳಸದ ಕಾರಣ ಅದನ್ನು ಮುಚ್ಚಲಾಗಿದೆ ಎಂಬ ಉತ್ತರ. ಬೀಗದ ಕೈಯನ್ನು ನಾನೇ ಇನ್ನೊಂದು ಮನೆಯಲ್ಲಿಟ್ಟು, ಆ ಮನೆ ಬಿದ್ದುಹೋಗುವವರೆಗೆ ಫೋಟೋ ತೆಗೆಯುತ್ತ ತಿರುಗಿದ್ದೆ. ಕಂಪನಿಗೆ ಬರೆದೆ. ನಿಮ್ಮ ಪತ್ರ ತಲುಪಿದೆ ಎಂದು ಯಂತ್ರ ಉತ್ತರಿಸಿತು. ಮತ್ತೆ ಬರೆದೆ, ಅದೇ ಯಂತ್ರ, ಅದೇ ವಾಕ್ಯ. ನೀವು ಈ ಪುಟದ ಒಡೆಯರು ಎಂಬುದಕ್ಕೆ ಆಧಾರ ಒದಗಿಸಿ ಎಂದು ಒಮ್ಮೆ ಮಾತ್ರ ಬೇರೆ ಉತ್ತರ ಬಂತು. ಪುಟದ ಮೇಲೆ ನಾನು ಹೆಸರು ಹಾಕಿರಲಿಲ್ಲ. 'ಆಧಾರ ಕೇಳಿ' ಎಂದಷ್ಟೇ ಹಾಕಿದ್ದೆ.

ಎರಡು ತಿಂಗಳು ಹೀಗೆ ಕಳೆಯಿತು. ಬಾಗಲಕೋಟೆಯ ಭಾನುವಾರಗಳನ್ನು ಬಿಟ್ಟೆ, ಕ್ಯಾಮೆರಾ ಮುಟ್ಟಲಿಲ್ಲ. ಕಡೆಗೆ ಅಂಗಡಿಗೇ ಹೋದೆ. ಹಾಳೆ ಗಾಜಿನ ಕೆಳಗೆ ಹಳದಿಯಾಗತೊಡಗಿತ್ತು. ಅದನ್ನು ಬರೆದವನು ನಾನು, ಬರೆದದ್ದು ತಪ್ಪು ಎಂದೆ. ಜೀವನದಲ್ಲಿ ಮೊದಲ ಸಲ ಹಾಗೆ ಹೇಳಿದ್ದು. ಅಂಗಡಿಯವರು ನನಗೆ ಚಹಾ ತರಿಸಿದರು.

"ತಪ್ಪು ಅಂತೀರಿ. ಆತು. ಆದ್ರ ಕಂಪ್ಯೂಟರಿನಾಗ ಇನ್ನೂ ಐತೇನು ಇಲ್ಲೇನು?"

"ಐತ್ರಿ. ತಗ್ಯಾಕ ಬರವಲ್ದು."

"ಹಂಗಾರ ಅಲ್ಲಿ ಐತಿ ಅನ್ನೂತನ ಇಲ್ಲೂ ಇರ್ಲಿ ಬಿಡ್ರಿ. ನಾ ತಗದ್ರ, ನಾಳೆ ಯಾರರ ಅಲ್ಲಿ ನೋಡಿ ಬಂದು ನನ್ನ ಕೇಳ್ತಾರ, ಯಾಕ ಮುಚ್ಚಿಟ್ಟೀರಿ ಅಂತ. ಮೊದ್ಲ ನೀವು ಅಲ್ಲಿಂದ ತಗೀರಿ."

ವಾದದಲ್ಲಿ ದೋಷವಿರಲಿಲ್ಲ. ಇಷ್ಟು ಹೊತ್ತಿಗೆ ನಾನು ಸುಮ್ಮನೆ ಎದ್ದು ಬರಬೇಕಿತ್ತು. ಬದಲಿಗೆ, "ಹಂಗಾರ ಅವರ ಮನಿಗೆ ಬರ್ರಿ. ನಿಮ್ಮ ಕಣ್ಣ ಮುಂದ ನೇಯ್ತಾರ, ಆಮ್ಯಾಲೆ ಹೇಳ್ರಿ ಕೈಯೋ ಯಂತ್ರವೋ," ಎಂದೆ. ಅಂಗಡಿಯವರು ಯೋಚಿಸಿ, ಆಗಲಿ ಎಂದರು. ಬರುವ ಸೋಮವಾರ ಬರುತ್ತೇನೆ ಎಂದರು. ನನಗೆ ಗೆದ್ದಷ್ಟು ಸಂತೋಷ. ಅಲ್ಲಿಂದ ನೇರ ಹುಡುಗಿಯ ಮನೆಗೆ ನಡೆದೆ. ರಜೆಗೆ ಅವಳೂ ಬಂದಿದ್ದಳು. ಅಪ್ಪ ಮಗಳು ಮಗ್ಗದ ಆಚೆಗೊಬ್ಬರು ಈಚೆಗೊಬ್ಬರು ಕೂತು ಕುಣಿಕೆ ಹಾಕುತ್ತಿದ್ದರು. ಅವಳು ಎಳೆ ಕೊಡುತ್ತಿದ್ದಳು, ಅವರು ತಿರುವಿ ಹಿಡಿಯುತ್ತಿದ್ದರು. ಇಬ್ಬರೂ ಕೈ ನೋಡುತ್ತಿರಲಿಲ್ಲ.

ಹೇಳಿದೆ. ಅವರ ಕೈ ನಿಂತಿತು.

"ಏನಂದ್ರಿ?"

"ಅವರ ಮುಂದ ಒಂದ್ ಗೇಣು ನೇದು ತೋರಿಸಿದ್ರ ಸಾಕ್ರಿ ಮಾವಾರ. ಮುಗೀತು. ಮತ್ಯಾರೂ ಏನೂ ಅನ್ನಂಗಿಲ್ಲ."

ಅವರು ಕೈಯಲ್ಲಿದ್ದ ಎಳೆಯನ್ನು ಮೆಲ್ಲಗೆ ಕೆಳಗಿಟ್ಟರು. "ನಮ್ಮಪ್ಪ ಕಾಲು ತಳ ಮುಟ್ಟದ ವಯಸ್ಸಿನಾಗ ನನ್ನ ಈ ಕುಣ್ಯಾಗ ಇಳಿಸಿದ. ಅವನ ಕೈಲೆ ಅದೇ ಅಂಗಡಿಗೆ ಮಾಲು ಹೋಗಿತ್ತು, ನನ್ನ ಕೈಲೆನೂ ಹೋಗೈತಿ. ಈಗ ಅಂಗಡ್ಯಾಂವ ಬಂದು ಇಲ್ಲಿ ನಿಂದರ್ತಾನ, ನಾ ಅವಗ ಪರೀಕ್ಷಾ ಕೊಡಬೇಕು. ಪಾಸಾದ್ರ ನಾ ನೇಕಾರ. ಹೌದಲ್ರಿ?"

"ಹಂಗಲ್ರಿ, ಆಧಾರ..."

"ಅಪ್ಪಾ, ಬಿಡು," ಅಂದಳು ಅವಳು. ನನಗಲ್ಲ, ಅವರಿಗೆ.

"ನಾ ಕೊಡಂಗಿಲ್ಲ," ಅಂದರು. ಅಷ್ಟೇ. ದನಿ ಏರಿಸಲಿಲ್ಲ. ಆಮೇಲೆ ನನಗೆ ಊಟ ಮಾಡಿ ಹೋಗಲು ಹೇಳಿದರು. ರೊಟ್ಟಿ, ಪುಂಡಿಪಲ್ಯೆ ಬಡಿಸಿದರು. ಬೀಗತನದ ಮಾತು ಕೊಟ್ಟದ್ದು ಕೊಟ್ಟದ್ದೇ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದರು. ತಾಟಿನಲ್ಲಿ ರೊಟ್ಟಿ ಮುರಿಯುವಾಗ ಮಗಳ ಬೆರಳ ತುದಿಗೆ ಕೆಂಪು ಎಳೆಯ ಬಣ್ಣ ಹತ್ತಿದ್ದನ್ನು ನೋಡಿದೆ.

ಸೋಮವಾರ ಅಂಗಡಿಯವರು ಬಂದರಂತೆ. ಬಾಗಿಲು ಹಾಕಿತ್ತಂತೆ. ಅದನ್ನೇ ಅವರು ಪೇಟೆಯಲ್ಲಿ ಹೇಳಿಕೊಂಡರು: ತೋರಿಸಿ ಅಂದರೆ ಬಾಗಿಲು ಹಾಕಿಕೊಂಡರು, ಇನ್ನೇನು ಹೇಳಬೇಕು? ಮೊದಲು ಗಾಜಿನ ಕೆಳಗೆ ಬರೀ ಒಂದು ಹಾಳೆ ಇತ್ತು. ನನ್ನ ಉಪಾಯದಿಂದ ಈಗ ಸಾಕ್ಷಿಯೂ ಆಯಿತು.

ಮಗ್ಗದ ಮೇಲಿದ್ದ ಆ ಸೀರೆಯನ್ನು ಮುಗಿಸಿ ಅವರು ಮತ್ತೆ ಉದ್ದೆಳೆ ಹಾಕಲಿಲ್ಲ. ಗಾಡಿಯಲ್ಲಿ ಮಣ್ಣು ತರಿಸಿ ಕುಣಿ ತುಂಬಿಸಿ, ಮೇಲೊಂದು ಕಡಪಾ ಕಲ್ಲು ಹಾಸಿಸಿದರೆಂದು ಸೋದರಮಾವ ಸುದ್ದಿ ತಂದರು. ಗ್ರಾನೈಟ್ ಪಾಲಿಶ್ ಮಾಡುವ ಒಂದು ಕಡೆ ಕಾವಲು ಕೆಲಸಕ್ಕೆ ಸೇರಿದ್ದರು. ಅದೇ ವಾರ ಹುಡುಗಿ ಚಿಕ್ಕಮ್ಮನ ಕೈಯಲ್ಲಿ ಹೇಳಿಕಳಿಸಿದಳು, ಲಗ್ನ ಬೇಡ ಎಂದು. ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ನನ್ನಲ್ಲಿ ಪ್ರತಿವಾದವಿರಲಿಲ್ಲ. ಇದ್ದಿದ್ದರೆ ಅದನ್ನೂ ಮಾಡುತ್ತಿದ್ದೆನೇನೋ ಎಂಬ ಭಯ ಈಗಲೂ ಇದೆ.

ಆ ಪುಟ ನಾಲ್ಕು ವರ್ಷ ಹಾಗೇ ಇತ್ತು. ಆಮೇಲೆ ಆ ಕಂಪನಿಯೇ ಪುಕ್ಕಟೆ ಜಾಗ ಕೊಡುವುದನ್ನು ನಿಲ್ಲಿಸಿ ಎಲ್ಲರ ಪುಟಗಳನ್ನೂ ಅಳಿಸಿತು. ಪುಟ ಹೋಯಿತೆಂದು ಹೇಳಿಕಳಿಸುವಂಥ ಸಂಬಂಧ ಆಗ ಯಾರ ಜೊತೆಗೂ ಉಳಿದಿರಲಿಲ್ಲ.

ನಿಶ್ಚಯ ಮುರಿದರೆ ಕೊಟ್ಟದ್ದನ್ನು ಹಿಂದಿರುಗಿಸಬೇಕು. ಲಗ್ನ ಬೇಡವೆಂದ ಮರುವಾರವೇ ಇಳಕಲ್ಲಿನ ಹಿರಿಯರಿಬ್ಬರು ಬಂದು ಉಂಗುರ, ಸೀರೆ ಅವ್ವನ ಮುಂದಿಟ್ಟು, ಚಹಾ ಕುಡಿದು, ಹವಾಮಾನದ ಮಾತಾಡಿ ಹೋದರು. ಸೀರೆಯನ್ನು ಒಗೆದು ಇಸ್ತ್ರಿ ಮಾಡಿ ಕಳಿಸಿದ್ದರು. ನಾನು ಸೆರಗಿನ ಅಂಚು ತಿರುವಿ ನೋಡಿದೆ. ಅರಿಶಿನದ ಎಳೆ ಇರಲಿಲ್ಲ. ಸೂಜಿಯಿಂದ ಎಳೆದು ತೆಗೆದಿದ್ದರು. ಅದಿದ್ದ ಜಾಗದಲ್ಲಿ ಈ ಅಂಚಿನಿಂದ ಆ ಅಂಚಿನವರೆಗೆ ಕೂದಲಿನಷ್ಟು ತೆಳ್ಳಗಿನ ಸಂದು, ಬೆಳಕಿಗೆ ಹಿಡಿದರಷ್ಟೇ ಕಾಣುವಂಥದ್ದು. ತೆಗೆದದ್ದು ಅಪ್ಪನೋ ಮಗಳೋ ಗೊತ್ತಾಗಲಿಲ್ಲ.

ಅವ್ವ ಸೀರೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. ಟ್ರಂಕಿನಲ್ಲಿಡುವಾಗ ಕೇಳಿದಳು: "ಇದು ಅಕಿ ಅಪ್ಪನ ಕೈಯಿಂದು ಅಂತ ಹೇಳ್ತಿದ್ದೆಲ್ಲ, ನಾಳೆ ಯಾರರ ಕೇಳಿದ್ರ ಏನ್ ತೋರಸ್ತಿ?"